ಎಡಗೈ ಏಟಿನ ಮೆಟ್ಟಿಲು

ಕಾಲೇಜು ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು ‘ಕಾಂಟ್ರ್ಯಾಕ್ಟರ್’ ಎಂದು ಬರೆದೆ. ಅಪ್ಪ ಕಲ್ಲು ಕೆಲಸದವನು. ಉಳಿ, ಸುತ್ತಿಗೆ ಬಿಟ್ಟರೆ ಅವನ ಹೆಸರಿನಲ್ಲಿ ಏನೂ ಇರಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಅದನ್ನು ಈಗಲೂ ಎದೆಯುಬ್ಬಿಸಿ ಹೇಳುತ್ತೇನೆ. ಆದರೆ ಆ ಓದು ಶುರುವಾದದ್ದು ಒಂದು ಸುಳ್ಳಿನಿಂದ. ಜಯನಗರದ ಆ ಕಾಲೇಜಿನಲ್ಲಿ ಸಿಕ್ಕ ಇಬ್ಬರು ಗೆಳೆಯರಿಗೂ ಅದನ್ನೇ ಹೇಳಿದೆ; ಹತ್ತು ವರ್ಷ ನಂಬಿಕೊಂಡಿದ್ದರು.

ಹೋದ ವರ್ಷ ಒಂದು ಭಾನುವಾರ ಮೂವರೂ ಭರಚುಕ್ಕಿ ನೋಡಲು ಹೊರಟೆವು. ಹಿಂದಿನ ಸಂಜೆ ಬನಶಂಕರಿಯ ನಮ್ಮ ಮನೆಯಲ್ಲಿ ಅಪ್ಪನಿಗೆ ಹೇಳಿದೆ.

“ಸಾತನೂರು ದಾಟಿದ್ಮೇಲೆ ಎಡಕ್ಕೆ ಒಂದು ಗುಡ್ಡ ಸಿಗ್ತದೆ, ಮೇಲೆ ಮಂಟಪ ಐತೆ,” ಅಂದ. “ಅದರ ಮೆಟ್ಲು ಹೊಡೆದವರಲ್ಲಿ ನಾನೂ ಒಬ್ಬ. ಈಗ ನನ್ನ ಮಂಡಿ ಹತ್ತಾಕಿಲ್ಲ. ಹೆಂಗಿದಾವೆ ನೋಡ್ಕೊಂಡು ಬಂದು ಹೇಳು.”

ಹೂಂ ಅಂದೆ. ಮನಸ್ಸಿನಲ್ಲಿ ಮಾತ್ರ, ಗೆಳೆಯರ ಮುಂದೆ ಆ ಗುಡ್ಡದ ಮಾತೆತ್ತುವುದೇ ಬೇಡ ಎಂದುಕೊಂಡೆ.

ಕಾರು ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯನದು. ಇನ್ನೊಬ್ಬ ಜೆ.ಪಿ. ನಗರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವನು. ಎಲ್ಲೆಲ್ಲಿ ನಿಲ್ಲಬೇಕೆಂದು ಫೋನಿನಲ್ಲಿ ಬರೆದುಕೊಂಡು ಬಂದಿದ್ದ. ಕನಕಪುರ ರಸ್ತೆಯಲ್ಲಿ ತಟ್ಟೆ ಇಡ್ಲಿ ತಿಂದು ಸಾತನೂರು ದಾಟಿದೆವು. “ಎಡಕ್ಕೆ ಹಾಕು ಗುರು, ಗುಡ್ಡ. ಮೇಲಿಂದ ವ್ಯೂ ಸಖತ್ತಾಗಿದೆಯಂತೆ,” ಅಂದ ಲ್ಯಾಬಿನವನು. ಅವನ ಪಟ್ಟಿಯಲ್ಲಿ ಅದೂ ಇತ್ತು.

ಅರ್ಧ ಹತ್ತುವಷ್ಟರಲ್ಲಿ ಅವನು ಎಡವಿದ. ಮೊಣಕಾಲು ಉಜ್ಜಿಕೊಳ್ಳುತ್ತ ಬೈದ. “ಒಂದು ಮೆಟ್ಲು ಗೇಣೆತ್ತರ, ಇನ್ನೊಂದು ಮೊಳದೆತ್ತರ! ಯಾವ ಪುಣ್ಯಾತ್ಮ ಮಾಡಿದ್ನೋ? ಮಗಾ, ನಿಮ್ಮಪ್ಪ ಕಾಂಟ್ರ್ಯಾಕ್ಟರ್ ತಾನೆ, ಇಂಥ ಕೆಲಸಕ್ಕೆ ದುಡ್ಡು ಕೊಡ್ತಾರೇನೋ?”

ನಕ್ಕಂತೆ ಮಾಡಿದೆ. ಆಗಲೇ ಅಪ್ಪನ ಫೋನು ಬಂತು.

“ಹತ್ತಿದ್ಯಾ?”

“ಹತ್ತುತ್ತಾ ಇದೀನಪ್ಪಾ.” ತಡೆದು, ಕೇಳಿಯೇಬಿಟ್ಟೆ. “ಇಷ್ಟರಲ್ಲಿ ನಿಂದು ಯಾವ್ದು?”

“ಉಳಿ ಗೆರೆ ನೋಡು. ಬೇರೆಯವರ್ದೆಲ್ಲ ಒಂದೇ ಕಡೀಕೆ ವಾಲಿರ್ತದೆ. ನಾನು ಎಡಚ ಅಲ್ವಾ? ನಂದು ಅದಕ್ಕೆ ಉಲ್ಟಾ.”

ಬಗ್ಗಿ ನೋಡಿದೆ. ಮೆಟ್ಟಿಲಿನ ಮುಖದ ತುಂಬ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಕೆಳಗಿನವು ಬಲಕ್ಕೆ ವಾಲಿದ್ದವು. ಗೆಳೆಯ ಎಡವಿದ ಮೆಟ್ಟಿಲಿನವು ಎಡಕ್ಕೆ. ಇಷ್ಟು ಓದಿದ ನನಗೆ ಹೀಗೆ ಕಲ್ಲು ಓದಬಹುದೆಂದು ಗೊತ್ತೇ ಇರಲಿಲ್ಲ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

“ಈ ಮೆಟ್ಲು ನಮ್ಮಪ್ಪ ಹೊಡೆದಿದ್ದು,” ಅಂದೆ. “ಕಾಂಟ್ರ್ಯಾಕ್ಟರ್ ಅಲ್ಲ ಕಣ್ರೋ. ಕಲ್ಲು ಕೆಲಸ. ನಾನು ಸುಳ್ಳು ಹೇಳಿದ್ದೆ.”

ಬ್ಯಾಂಕಿನವನ ಮುಖ ಗಂಟಾಯಿತು. “ಹತ್ತು ವರ್ಷ ಕುರಿ ಮಾಡಿದ್ಯಲ್ಲೋ. ನಿಮ್ಮನೇಲಿ ಎಷ್ಟು ಸಲ ಊಟ ಮಾಡಿದೀವಿ! ನೀನು ಹಿಂಗೆ ಹೇಳ್ಕೊಂಡಿರೋದು ನಿಮ್ಮಪ್ಪಂಗೆ ಗೊತ್ತಾ?”

“ಇಲ್ಲ.” ಅದನ್ನು ಹೇಳುವುದೇ ಹೆಚ್ಚು ಕಷ್ಟವಾಯಿತು. ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು. ಆಚೆ ಅಪ್ಪನಿಗೆ ಎಲ್ಲ ಕೇಳಿಸಿತ್ತು.

ಅಪ್ಪ, “ಮೆಟ್ಲು ಹೆಂಗಿದಾವೆ, ಅದನ್ನ ಹೇಳು,” ಅಂದ.

“ಗಟ್ಟಿಯಾಗಿದಾವೆ. ಒಂದು ಮಾತ್ರ ಎತ್ತರ ಜಾಸ್ತಿ ಅಂತ ಇವನು ಬೈತಾ ಇದಾನೆ.”

“ಅಡೀಲಿದ್ದ ಬಂಡೆನೇ ಹಂಗೆ ಉಬ್ಬಿತ್ತು. ಅವನಿಗೇನು ಗೊತ್ತು? ಫೋನ್ ಕೊಡು ಅವನಿಗೆ.”

ಕೊಟ್ಟೆ. “ನಮಸ್ಕಾರ ಅಂಕಲ್,” ಅನ್ನುತ್ತ ಲ್ಯಾಬಿನವನು ಅದೇ ಮೆಟ್ಟಿಲ ಮೇಲೆ ಕುಳಿತ. ಬಂಡೆಯ ಕಥೆ ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು. ಬ್ಯಾಂಕಿನವನು ಇನ್ನೂ ಗಂಟುಮೋರೆಯಲ್ಲೇ ಮೇಲಿನ ಮೆಟ್ಟಿಲುಗಳಲ್ಲಿ ಬಗ್ಗಿ ಬಗ್ಗಿ ಎಡಕ್ಕೆ ವಾಲಿದ ಗೆರೆ ಹುಡುಕುತ್ತಿದ್ದ.