ವಾಸಣ್ಣನ ವಾರಂಟಿ

ಕೆಟ್ಟ ಸ್ಪೀಕರನ್ನು ಕೈಗೆ ಕೊಟ್ಟರೆ ವಾಸಣ್ಣ ಮೊದಲು ಅದನ್ನು ಮೂಸಿ ನೋಡುತ್ತಿದ್ದರು. ಅವರ ತಾಯಿ ಬುಟ್ಟಿ ಹೊತ್ತು ಮೀನು ಮಾರಿದವರು. ಬಂಗುಡೆಯ ಕಿವಿರೆತ್ತಿ ಮೂಸಿ, ತಾಜಾ ಹೌದೋ ಅಲ್ಲವೋ ಹೇಳುತ್ತಿದ್ದರಂತೆ. ಮಗ ಸ್ಪೀಕರಿನ ಜಾಲರಿಗೆ ಮೂಗು ಒತ್ತಿ, ಕಣ್ಣು ಮುಚ್ಚಿ, "ಉಪ್ಪು ತಾಗಿದೆ ಮಾರಾಯ" ಎನ್ನುತ್ತಿದ್ದರು. ಗಿರಾಕಿಗಳಿಗೆ ನಗು ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ನನಗೂ ಮೊದಮೊದಲು ಬರುತ್ತಿತ್ತು.

ಕುದ್ರೋಳಿಯಲ್ಲಿ ನಮ್ಮಿಬ್ಬರ ಅಂಗಡಿಗಳ ನಡುವೆ ಒಂದೇ ಗೋಡೆ. ಹೊರದೇಶದಿಂದ ಬರುವ ಒಂದು ಅಗ್ಗದ ಕಂಪನಿಯ ಸ್ಪೀಕರ್, ಆಂಪ್ಲಿಫಯರ್‌ಗಳಿಗೆ ಇಡೀ ಊರಿನಲ್ಲಿ ಅವರದೊಂದೇ ಸರ್ವಿಸ್ ಸೆಂಟರ್. ಭಜನಾ ಮಂಡಳಿಯವರು, ಮದರಸದವರು, ಮೆಹಂದಿಗೆ ಸೌಂಡ್ ಹಾಕುವವರು, ಎಲ್ಲರೂ ಕೊಳ್ಳುತ್ತಿದ್ದದ್ದು ಅದನ್ನೇ. ದೊಡ್ಡ ಹೆಸರಿನದ್ದು ಯಾರ ಕೈಯಲ್ಲಿ ಆಗುತ್ತದೆ? ಒಂದು ವರ್ಷ ವಾರಂಟಿ. ಆದರೆ ಒಳಗೆ ತುಕ್ಕು ಕಂಡರೆ ವಾರಂಟಿ ಇಲ್ಲವೆಂದು ಕಂಪನಿಯ ಕಾನೂನು. ಮಂಗಳೂರಿನಲ್ಲಿ! ಎಣ್ಣೆ ಹಚ್ಚದೆ ಇಟ್ಟರೆ ನನ್ನ ಕತ್ತರಿ ಕೆಂಪಾಗುವ ಊರಿನಲ್ಲಿ! ಆ ಕಾನೂನು ಮಾಡಿದವನನ್ನು ತಂದು ಒಂದು ಮಳೆಗಾಲ ಇಲ್ಲಿ ಕೂರಿಸಬೇಕಿತ್ತು.

ವಾಸಣ್ಣ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಪೆಟ್ಟಿಗೆ ಬಿಚ್ಚಿ, ಹಲ್ಲುಜ್ಜುವ ಹಳೆ ಬ್ರಷ್ಷನ್ನು ಥಿನ್ನರಿನಲ್ಲಿ ಅದ್ದಿ, ತುಕ್ಕು ಹಿಡಿದು ಹಸಿರುಗಟ್ಟಿದ್ದನ್ನೆಲ್ಲ ತಿಕ್ಕಿ ತೆಗೆದು, ಆಮೇಲೆ ಫೋಟೋ ಹೊಡೆದು ಕಂಪನಿಗೆ ಕಳಿಸುವುದು. ಕಂಪನಿಯಿಂದ ಹೊಸತು ಬರುತ್ತಿತ್ತು.

"ಇದು ಸುಳ್ಳಲ್ವಾ ವಾಸಣ್ಣ?" ಎಂದು ಒಮ್ಮೆ ಕೇಳಿದೆ.

"ಸುಳ್ಳೇ ಮಾರಾಯ್ತಿ. ಸಮುದ್ರದ ಬದಿಯವರಿಗೆ ಮಾರ್ಲಿಕ್ಕೆ ಕಂಪನಿಯವರಿಗೆ ಆಗ್ತದೆ, ಉಪ್ಪು ತಾಗಿದ್ರೆ ನಮಗೆ ಗೊತ್ತಿಲ್ಲ ಅಂತಾರೆ. ಅದು ಎಂತ ಸತ್ಯ?" ಬ್ರಷ್ ನಿಲ್ಲಲಿಲ್ಲ. "ವಾರಂಟಿ ಅಂದ್ರೆ ಎಂತ? ಕೇಳ್ಲಿಕ್ಕೆ ಬಂದಾಗ ಒಬ್ಬ ಮನುಷ್ಯ ಇರ್ಬೇಕು. ನಾನು ಇದ್ದೇನಲ್ಲ."

ಪಣಂಬೂರಿನ ಬಂದರಿನಲ್ಲಿ ದುಡಿಯುವ ರೋಹಿತ ತಂದ ಸ್ಪೀಕರ್ ಪೂರಾ ಕೊಳೆತಿತ್ತು. ಅವನಿಗೂ ಹೊಸತು ಸಿಕ್ಕಿತು. ಆ ಖುಷಿಯಲ್ಲಿ ಪುಣ್ಯಾತ್ಮ ಮೊಬೈಲಿನ ಮ್ಯಾಪಿನಲ್ಲಿ ಅಂಗಡಿಯ ಹೆಸರಿಗೆ ಐದು ಸ್ಟಾರ್ ಕೊಟ್ಟು ಬರೆದ: "ಒಳಗೆ ಪೂರ್ತಿ ತುಕ್ಕು ಇದ್ದರೂ ವಾಸಣ್ಣ ಕ್ಲೀನ್ ಮಾಡಿ ವಾರಂಟಿಯಲ್ಲಿ ಹೊಸತು ತೆಗೆಸಿಕೊಟ್ಟರು. ದೇವರಂಥ ಮನುಷ್ಯ." ಜೊತೆಗೆ ಪಕ್ಕದಲ್ಲೇ ನಿಂತು ಹೊಡೆದ ಫೋಟೋಗಳು, ತಿಕ್ಕುವ ಮೊದಲಿನದೊಂದು, ತಿಕ್ಕಿದ ಮೇಲಿನದೊಂದು. ಅಯ್ಯೋ ದೇವರೇ! ವೈರಿಯೂ ಹೀಗೆ ಕುತ್ತಿಗೆ ಕೊಯ್ಯುವುದಿಲ್ಲ.

ಕಂಪನಿಯವರು ಅದನ್ನು ಓದಿದರು. ಸರ್ವಿಸ್ ಸೆಂಟರ್ ರದ್ದಾಯಿತು, ಬೋರ್ಡ್ ಇಳಿಯಿತು. ವಾರಂಟಿ ಬಾಕಿ ಇದ್ದವರು ಬಂದು ಬಾಗಿಲಲ್ಲಿ ಬೊಬ್ಬೆ ಹಾಕಿದರು. ವರ್ಷಗಟ್ಟಲೆ ವಾಸಣ್ಣನಿಂದ ಉಪಕಾರ ಪಡೆದ ಭಜನಾ ಮಂಡಳಿಯವನೇ, "ನಮ್ಮ ವಾರಂಟಿ ತಿಂದು ಕೂತಿದ್ದಾನೆ" ಎಂದ. ನಾನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಅವನ ಜನ್ಮ ಜಾಲಾಡಿದೆ.

ರೋಹಿತ ಅಳುತ್ತ ಬಂದ. "ಅಣ್ಣ, ಬರೆದದ್ದನ್ನು ಈಗಲೇ ಅಳಿಸ್ತೇನೆ."

"ಅಳಿಸ್ಬೇಡ ಮಾರಾಯ," ಎಂದರು. "ನನ್ನ ಬಗ್ಗೆ ಇಷ್ಟು ಒಳ್ಳೇದು ಯಾರೂ ಬರೀಲಿಲ್ಲ. ಇರ್ಲಿ ಅದು."

ಅಂಗಡಿ ಮುಚ್ಚಿ ಅವರು ಮೀನಿನ ದೋಣಿಗಳು ನಿಲ್ಲುವ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದರು. ಮೀನಿಗೆ ಹೋದಾಗ ಒಮ್ಮೆ ಸಿಕ್ಕಿದರು. ಬೆರಳುಗಳೆಲ್ಲ ಬಿಳುಚಿ ಬಿರಿದಿದ್ದವು. ನಗಿಸೋಣವೆಂದು ನನ್ನ ಚೀಲದ ಬಂಗುಡೆಯನ್ನು ಮುಂದೆ ಹಿಡಿದು, "ತಾಜಾ ಉಂಟಾ ನೋಡಿ" ಎಂದೆ. ಮೂಸಿದರು. ಮತ್ತೊಮ್ಮೆ ಮೂಸಿದರು.

"ಗೊತ್ತಾಗುವುದಿಲ್ಲ ಮಾರಾಯ್ತಿ. ಥಂಡಿಗೆ ಮೂಗು ಸತ್ತಿದೆ."

ಅದೇ ಕೊನೆ. ಆ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಹೆಣವಾಗಿ ಬಂದರು.

ನಿನ್ನೆ ಕಾಟಿಪಳ್ಳದಿಂದ ಒಬ್ಬಳು ಹೆಂಗಸು ಎರಡು ಬಸ್ ಹಿಡಿದು, ಸ್ಪೀಕರನ್ನು ಮಗುವಿನ ಹಾಗೆ ಸೊಂಟಕ್ಕೊತ್ತಿಕೊಂಡು ಬಂದಿದ್ದಳು. ಮುಚ್ಚಿದ ಶಟರಿನ ಎದುರು ನಿಂತು, ವಾಸಣ್ಣ ಎಲ್ಲಿ ಎಂದು ಕೇಳಿದಳು.

"ತೀರಿಕೊಂಡ್ರಮ್ಮ," ಎಂದೆ.

ಅವಳಿಗೆ ನಂಬಿಕೆ ಬರಲಿಲ್ಲ. ಮೊಬೈಲಿನ ಮ್ಯಾಪನ್ನು ನನ್ನ ಮುಖದ ಹತ್ತಿರ ಹಿಡಿದಳು. ರೋಹಿತ ಬರೆದದ್ದು ಹಾಗೆಯೇ ಇತ್ತು, ದೇವರಂಥ ಮನುಷ್ಯ ಅಂತ.

"ಆದ್ರೆ ಅಕ್ಕ, ಇದರಲ್ಲಿ ಓಪನ್ ಅಂತ ಉಂಟಲ್ಲ?"