ಗೇಣುದ್ದದ ಕೇಬಲ್

ನನ್ನ ಫೋನನ್ನು ಅಂಗಿಯ ಕಿಸೆಯಲ್ಲಿಟ್ಟರೆ ಅಂಗಿ ಒಂದು ಕಡೆ ಜೋತುಬೀಳುತ್ತದೆ. ಪ್ಯಾಂಟಿನ ಕಿಸೆಯಲ್ಲಿಟ್ಟರೆ ಬಸ್ಸಿನಲ್ಲಿ ನೆಟ್ಟಗೆ ಕೂರಲಾಗದು. ಮಲಗಿ ನೋಡುವಾಗ ಒಮ್ಮೆ ಕೈಜಾರಿ ಮೂಗಿನ ಮೇಲೆ ಬಿದ್ದು, ಮೂಗು ಎರಡು ದಿನ ಬಾತಿತ್ತು. ಸಾಂಗಲಿಯಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯ ಮಾಲೀಕರು ಅದನ್ನು ಕೈಯಲ್ಲಿ ತೂಗಿ ನೋಡಿ, "ಕಾಯ್ ಹೋ, ವೀಟ್ ಆಣಲೀತ ಕಾಯ್?" ಎಂದು ನಕ್ಕಿದ್ದರು. ಇಟ್ಟಿಗೆ ತಂದಿರೇನು ಅಂತ. ನಾನೂ ನಕ್ಕೆ, ಆದರೆ ಒಳಗೊಳಗೇ ಸಿಟ್ಟು ಬಂದಿತ್ತು. ಒಮ್ಮೆ ಚಾರ್ಜ್ ಮಾಡಿದರೆ ನಾಲ್ಕು ದಿನ ಬರುವ ಫೋನು ಅದು. ಅವರ ತೆಳ್ಳನೆಯ ಫೋನು ಮಧ್ಯಾಹ್ನದ ಊಟದ ಹೊತ್ತಿಗೇ ಗೋಡೆಗೆ ಅಂಟಿಕೊಂಡಿರುತ್ತದೆ.

ಅದನ್ನು ಕೊಂಡದ್ದು ಅಕ್ಕನ ಸಲುವಾಗಿ. ಲಿಂಗನೂರಿನ ಅಕ್ಕನಿಗೆ ಮಿರಜದ ಒಂದು ಆಸ್ಪತ್ರೆಯಲ್ಲಿ ಸೊಂಟದ ಆಪರೇಷನ್ ಎಂದು ಗೊತ್ತಾದಾಗ, ರಜೆ ಹಾಕಿ ಹಗಲು ಅವಳ ಬಳಿ ಇರುವ ಪಾಳಿ ನನಗೆ ಬಂತು. ಮದುವೆಯಾಗದವನು, ಬುಧಗಾಂವದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವವನು. ನನಗಿಂತ ಬಿಡುವಾದವರು ಮನೆತನದಲ್ಲಿ ಇನ್ಯಾರು? "ಮಾಮಾ, ನಿಮ್ಮ ಫೋನ್ ಹಚ್ಚಿದ್ರ ಹತ್ತೂದ ಇಲ್ಲ. ಮೊದಲ ಅದನ್ನ ಬದಲ ಮಾಡ್ರಿ," ಎಂದ ಅಕ್ಕನ ಮಗ. ಮಾಡಿದೆ.

ವಾರ್ಡಿನ ಹೊರಗಿನ ಉದ್ದನೆಯ ಕಾರಿಡಾರಿನಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಅಥಣಿ, ಜಮಖಂಡಿ ಕಡೆಯಿಂದ ರೋಗಿಗಳನ್ನು ಕರೆತಂದವರು ಚಾರ್ಜರ್ ಹಿಡಿದು ಅದರ ಮುಂದೆ ಪಾಳಿ ಹಚ್ಚುತ್ತಿದ್ದರು. ನಾನು ದೂರದ ಬೆಂಚಿನ ಮೇಲೆ ಗತ್ತಿನಿಂದ ಕೂತಿರುತ್ತಿದ್ದೆ. ಎರಡನೆಯ ದಿನ ರಾಯಬಾಗ ಕಡೆಯ ವಯಸ್ಸಾದವರೊಬ್ಬರು ಬಂದು ಎದುರಿಗೆ ನಿಂತರು. ಅವರ ಹೆಂಡತಿ ಐಸಿಯುನಲ್ಲಿದ್ದರು.

"ನಿಮ್ಮ ಫೋನಿನ್ಯಾಗ ಭಾಳ ಕರೆಂಟ್ ಇರತೈತಂತ. ನನಗ ಒಂದೀಟ ಕೊಡ್ತೀರೇನ್ರಿ? ಮಗಳಿಗೆ ಫೋನ್ ಹಚ್ಚಬೇಕಾಗೇತಿ."

"ಕುಂದ್ರಿ ಕಾಕಾ," ಎಂದೆ.

ನನ್ನ ಫೋನಿನಿಂದ ಇನ್ನೊಂದು ಫೋನಿಗೆ ಚಾರ್ಜ್ ಕೊಡಬಹುದು. ಆದರೆ ಜೊತೆಗೆ ಬಂದ ಕೇಬಲ್ ಗೇಣುದ್ದದ್ದು. ಇಬ್ಬರೂ ಮೊಳಕಾಲಿಗೆ ಮೊಳಕಾಲು ಹಚ್ಚಿ ಕೂರಬೇಕು. ಒಬ್ಬರು ಅಲುಗಾಡಿದರೆ ಇನ್ನೊಬ್ಬರೂ ಅಲುಗಾಡಬೇಕು. ದಿನಾ ತಾಸುಗಟ್ಟಲೆ ಹಾಗೆ ಕೂತು ಕಾಕಾ ತಮ್ಮ ಎಮ್ಮೆಯ ಹಟ, ಹೆಂಡತಿಯ ಹಟ ಎರಡನ್ನೂ ಹೇಳುವರು. ಡಾಕ್ಟರು ಮರಾಠಿಯಲ್ಲಿ ಹೇಳಿಹೋದದ್ದನ್ನು ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಅವರ ಗಂಟಿನ ರೊಟ್ಟಿಯಲ್ಲಿ ಅರ್ಧ ನನಗೆ. ಯಾರಾದರೂ ಅಷ್ಟು ಹತ್ತಿರ ಕೂತು ನನ್ನ ಜೊತೆ ಉಂಡು ವರ್ಷಗಳೇ ಆಗಿದ್ದವು.

ಒಂದು ಮಾತು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಚೀಲದಲ್ಲಿ ಒಂದು ಮಾರು ಉದ್ದದ ಇನ್ನೊಂದು ಕೇಬಲ್ ಇತ್ತು. ಅದನ್ನು ತೆಗೆದಿದ್ದರೆ ಅವರು ಕೆಳಗೆ ಚಾಪೆಯ ಮೇಲೆ ಕಾಲು ಚಾಚಿ ಒರಗಬಹುದಿತ್ತು. ಅವರಿಗೆ ಬೆನ್ನುನೋವಿತ್ತು, ಅದು ನನಗೆ ಗೊತ್ತೂ ಇತ್ತು. ತೆಗೆಯಲಿಲ್ಲ. ಅವರು ಪಕ್ಕದಿಂದ ಎದ್ದುಹೋಗಬಾರದು ಎಂಬುದೊಂದೇ ನನ್ನ ಆಸೆ. ಅವರ ಫೋನು ತುಂಬುತ್ತ ಬಂದಂತೆ ನನಗೆ ಬೇಜಾರಾಗುತ್ತಿತ್ತು.

ಹನ್ನೊಂದನೆಯ ದಿನ ಅಕ್ಕನಿಗೆ ಡಿಸ್ಚಾರ್ಜ್ ಆಯಿತು. ಕಾಕಾನನ್ನು ಡಾಕ್ಟರು ಆಗಷ್ಟೇ ಐಸಿಯು ಒಳಗೆ ಕರೆದಿದ್ದರು. ಕೆಳಗೆ ಗಾಡಿ ನಿಂತಿತ್ತು, ಅಕ್ಕನ ಮಗ ಅವಸರ ಮಾಡುತ್ತಿದ್ದ. ಇರಲಿ, ಸಂಜೆ ಫೋನ್ ಮಾಡಿದರಾಯಿತು ಅಂದುಕೊಂಡು ಇಳಿದುಬಿಟ್ಟೆ. ಸಂಜೆ ಕೋಣೆಗೆ ಬಂದು ಫೋನ್ ತೆಗೆದಾಗ ಗೊತ್ತಾಯಿತು, ನಂಬರೇ ತಗೊಂಡಿಲ್ಲ. ದಿನಾ ಎರಡೂ ಫೋನುಗಳನ್ನು ಒಂದಕ್ಕೊಂದು ಜೋಡಿಸಿ ಕೂತ ನಮಗೆ ನಂಬರು ಕೇಳುವುದು ಹೊಳೆದಿರಲಿಲ್ಲ.

ರಜೆ ಮುಗಿದಿತ್ತು, ಮರುದಿನದಿಂದ ಮತ್ತೆ ಅಂಗಡಿ. ನಾಲ್ಕು ದಿನ ಫೋನು ಒಮ್ಮೆಯೂ ರಿಂಗಾಗಲಿಲ್ಲ. ಬ್ಯಾಟರಿ ಅರ್ಧಕ್ಕೂ ಇಳಿದಿರಲಿಲ್ಲ. ಮಾತಾಡಿಸುವವರಿಲ್ಲದ ಫೋನು ಇನ್ನೂ ಹೆಚ್ಚು ದಿನ ಬರುತ್ತದೆ. ಅವರ ಹೆಂಡತಿ ಉಳಿದರೋ ಇಲ್ಲವೋ ಎಂದು ಚಿಂತೆಯಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಸ್ವಾರ್ಥ ಎನ್ನಿ, ಇನ್ನೊಮ್ಮೆ ಅವರ ಪಕ್ಕ ಕೂರಬೇಕಿತ್ತು.

ಅಂಗಡಿಗೆ ರಜೆ ಇದ್ದ ದಿನ ಬಸ್ ಹತ್ತಿ ಮಿರಜಕ್ಕೆ ಹೋದೆ. ಕಾರಿಡಾರಿನ ಗೋಡೆಗೆ ಹೊಸ ಬೋರ್ಡು ಕೂರಿಸಿದ್ದರು, ಸಾಲಾಗಿ ಎಂಟು ಪ್ಲಗ್ಗು. ಬೆಂಚಿನ ಮೇಲೆ ಒಂದು ತಾಸು ಕೂತೆ. ವಾಚ್‌ಮನ್ ಬಂದು ಪೇಶಂಟ್ ಯಾರು ಎಂದು ಮರಾಠಿಯಲ್ಲಿ ಕೇಳಿದ. ಐಸಿಯುನಲ್ಲಿ ಹೆಂಡತಿಯನ್ನು ಇಟ್ಟಿದ್ದ ರಾಯಬಾಗದ ಒಬ್ಬರನ್ನು ಹುಡುಕುತ್ತಿದ್ದೇನೆ ಎಂದೆ. ನನ್ನ ಮರಾಠಿ ಕೇಳಿ ಅವನು ಕನ್ನಡಕ್ಕೆ ಬಂದ.

"ಹೆಸರ ಏನ್ರಿ ಅವರದು?"

ಗೊತ್ತಿಲ್ಲ ಎಂದೆ. ಕಾಕಾ ಎಂದು ಕರೆದಿದ್ದೆ, ಅಷ್ಟೇ.

"ಹೆಸರ ಇಲ್ದ ಹೆಂಗ ಹುಡಕೂದ್ರಿ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಪೇಶಂಟ್ ಇಲ್ದವ್ರು ಇಲ್ಲಿ ಕುಂಡ್ರಂಗಿಲ್ರಿ."

ಮೆಟ್ಟಿಲಿಳಿಯುವಾಗ ಆ ಹನ್ನೊಂದನೆಯ ದಿನದ ಬಗ್ಗೆ ಮೊದಲ ಸಲ ಯೋಚಿಸಿದೆ. ಅಂದು ನಾನಿನ್ನೂ ಅವರ ಫೋನಿಗೆ ಚಾರ್ಜ್ ಕೊಟ್ಟಿರಲಿಲ್ಲ. ಡಾಕ್ಟರು ಮರಾಠಿಯಲ್ಲಿ ಏನೋ ಹೇಳಿರಬಹುದು. ಕಾಕಾ ಹೊರಗೆ ಬಂದು, ಮಗಳಿಗೆ ಹೇಳಬೇಕಾದ ಆ ಸುದ್ದಿಯನ್ನೂ ಆರಿಹೋದ ಫೋನನ್ನೂ ಹಿಡಿದುಕೊಂಡು, ನನ್ನ ಖಾಲಿ ಬೆಂಚಿನ ಮುಂದೆ ನಿಂತಿರಬೇಕು.