ಕೆಂಪು ದಾರಿಯಲ್ಲಿ ನಿಂತ ಮಾಮ

ಅಮೆರಿಕದ ಎಡಿಸನ್ ಊರಿನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ, ಒಂದು ಸೈಕಲ್ ಬೆಲ್ಲು ಕೂತಿದೆ. ಸೈಕಲ್ಲಿಲ್ಲ, ಬೆಲ್ಲು ಮಾತ್ರ. ಅದರ ಊದುಗೆನ್ನೆಯ ಹಿತ್ತಾಳೆ ಮುಖ ಕಂಡಾಗಲೆಲ್ಲ, ಸಿಕ್ಕವರ ದನಿಯನ್ನೆಲ್ಲ ಅಣಕಿಸಿ ನಗಿಸುವ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ಸಂಗತಿ ಇಷ್ಟೇ, ಗೆಳೆಯರೇ. ಅಕ್ಕನಿಗೆ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ, ಅವಳು ವರ್ಷಗಟ್ಟಲೆ ಹಂಬಲಿಸಿದ್ದ ಕೆಲಸ ಸಿಕ್ಕಿತು. ವಸಂತದ ರಜೆಯಲ್ಲಿ ಎಲ್ಲರೂ ಆ ಊರು ನೋಡಲು ಹೋದೆವು. "ಮಕ್ಕಳಿಗೆ ಹಿಡಿಸಿದ್ರೆ ಮಾತ್ರ ಹೂಂ ಅಂತೀನಿ ಕಣೋ. ನೀನೇ ಸುತ್ತಾಡಿಸ್ಕೊಂಡು ಬಾ. ಕಪಿಚೇಷ್ಟೆ ಕಮ್ಮಿ ಇರ್ಲಿ," ಎಂದು ಅವಳು ಮೀಟಿಂಗಿಗೆ ಹೊರಟಳು. ಹಿಡಿಸಿದರೆ ಅವಳ ಮಕ್ಕಳು ಇಳಾ, ನಚಿ ಇಬ್ಬರೂ ನನ್ನಿಂದ ಕಡಲಾಚೆ. ಹಿಡಿಸದಿದ್ದರೆ ಅಕ್ಕನ ಕನಸು ಕಾಲುವೆಯ ಪಾಲು. ಇಂಥ ತಕ್ಕಡಿಯ ಮುಳ್ಳಾಗಿ ನಿಂತವನಿಗೆ ಕಪಿಚೇಷ್ಟೆ ಎಲ್ಲಿಂದ ಬರಬೇಕು?

ಹಾಲು ತರಲೂ ಕಾರೇರುವ ಎಡಿಸನ್ನಿನವರು ನಾವು. ಕಾರು ಓಡದ ದಾರಿಯೆಲ್ಲ ಕಾಲಿಗೇ ಮೀಸಲೆಂದು ನಂಬಿದವರು. ಕಾಲುವೆಯ ಪಕ್ಕ ನುಣುಪಾದ ಕೆಂಪು ದಾರಿ ಕಂಡದ್ದೇ ತಡ, "ಬನ್ರೋ, ನಮಗೇ ಹಾಸಿದಾರೆ!" ಎಂದು ಮಂತ್ರಿಯ ಗತ್ತಿನಲ್ಲಿ ಕೈಬೀಸುತ್ತ ನಡೆದೆ. ಹಿಂದಿನಿಂದ ಟ್ರಿಣ್, ಮುಂದಿನಿಂದ ಟ್ರಿಣ್! ಮಿಡತೆಯ ದಂಡಿನಂತೆ ಸೈಕಲ್ಲಿನ ಮೇಲೆ ಬಂದ ವಿದ್ಯಾರ್ಥಿಗಳ ನಡುವೆ ಆರರ ನಚಿ ಕಲ್ಲಾಗಿ ನಿಂತ. ನಾನೂ ಕಲ್ಲಾದೆ. ಒಂಬತ್ತರ ಇಳಾಳೇ ಇಬ್ಬರನ್ನೂ ಅಂಚಿಗೆಳೆದಳು. "ಮಾಮ, ದಿಸ್ ಈಸ್ ದ ಬೈಕ್ ಲೇನ್!" ಕೆಂಪು ದಾರಿ ಹಾಸಿದ್ದು ಸೈಕಲ್ಲುಗಳಿಗಂತೆ.

"ಐ ವಾಂಟ್ ಅವರ್ ಕಾರ್," ಎಂದು ನಚಿ ಬಿಕ್ಕಿದ. ನನ್ನೊಳಗೆ ಯಾವುದೋ ಮೂಲೆ ಹಿಗ್ಗಿತು. ಮರುಕ್ಷಣವೇ ಅಕ್ಕನ ಮುಖ ನೆನಪಾಗಿ ಕುಗ್ಗಿತು. ಬೆದರಿದ ಕೋಳಿಯಂತೆ ಆಗಷ್ಟೇ ಮರಗಟ್ಟಿ ನಿಂತಿದ್ದ ನನ್ನನ್ನೇ ನಾನು ಅಣಕಿಸಿ ತೋರಿಸಿದೆ. ಇಳಾ ನಕ್ಕಳು, ಅವನು ನಗಲಿಲ್ಲ. ಗಾಳಿಗಿರಣಿ ತೋರಿಸಿದೆ, ನೀರಿನತ್ತ ಕಾಲು ಇಳಿಬಿಟ್ಟು ಓದುವ ಹುಡುಗಿಯರನ್ನು ತೋರಿಸಿದೆ. ಅವನಿಗೆ ಯಾವುದೂ ಬೇಡ.

ಆಗ ಒಬ್ಬ ತಾಯಿ, ಸೈಕಲ್ಲಿನ ಮುಂದಿನ ಮರದ ಪೆಟ್ಟಿಗೆಯಲ್ಲಿ ಇಬ್ಬರು ಚಿಳ್ಳೆಗಳನ್ನು ಕೂರಿಸಿಕೊಂಡು ಹಾದುಹೋದಳು. ಹುಟ್ಟಿದಂದಿನಿಂದ ಕಾರಿನ ಹಿಂದಿನ ಸೀಟಿಗೇ ಕಟ್ಟಿಸಿಕೊಂಡು, ಜಗತ್ತನ್ನೆಲ್ಲ ದೊಡ್ಡವರ ತಲೆಗಳ ಸಂದಿಯಲ್ಲೇ ನೋಡಿದ ನಚಿಯ ಅಳು ಗಕ್ಕನೆ ನಿಂತಿತು. "ಮಾಮ! ದೇ ಸಿಟ್ ಇನ್ ಫ್ರಂಟ್!"

ಅಷ್ಟೇ. ಸಂಜೆಗೆ ಅವನ ಹಟಕ್ಕೆ ಈ ಬೆಲ್ಲು ಕೊಂಡದ್ದಾಯಿತು. ಅಕ್ಕ ಹೂಂ ಎಂದಳು.

ನಾಳೆ ಅವರ ವಿಮಾನ. ನಡುಮನೆಯ ತುಂಬ ಪೆಟ್ಟಿಗೆಗಳು; ಅಲ್ಲಿ ಈ ಮಕ್ಕಳನ್ನು ನಗಿಸುವವರು ಯಾರು, ಇಲ್ಲಿ ನನ್ನನ್ನು ಸಹಿಸುವವರು ಯಾರು ಎಂದು ಯೋಚಿಸುತ್ತ ಬಾಗಿಲಿಗೆ ಅಡ್ಡ ನಿಂತಿದ್ದೇನೆ. ನಚಿ ಅಡುಗೆಕಟ್ಟೆಯಿಂದ ಬೆಲ್ಲನ್ನೆತ್ತಿಕೊಂಡು, ಸೂಟ್‌ಕೇಸು ದಬ್ಬುತ್ತ ಬಂದ. ಟ್ರಿಣ್!

"ಮಾಮ, ಯು ಆರ್ ಇನ್ ದ ಲೇನ್."

ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ.